ಅಪ್ಪನ ಪುಣ್ಯದ ಸಾವು

ಚಿತ್ತಾಪುರ
೧೭-೧೧-೨೦೨೪

ಚಿರಂಜೀವಿ ರಘೂತ್ತಮನಿಗೆ ಪದ್ಮಕ್ಕನ ಆಶೀರ್ವಾದಗಳು.

ಹೇಗಿದ್ದೀ? ನಾಸಿಕ್‌ನಲ್ಲಿ ಚಳಿ ಶುರುವಾಗಿರಬೇಕು. ಪೂಜೆ ಮುಗಿಸಿ ಒದ್ದೆ ಪಂಚೆಯಲ್ಲೇ ಮಠದ ಅಂಗಳದಲ್ಲಿ ನಿಂತು ಹರಟೆ ಹೊಡೆಯಬೇಡ, ಕೆಮ್ಮು ಹತ್ತುತ್ತದೆ. ಪ್ರಮಿತಾಳ ಮಂಡಿನೋವು ಇಳಿಯಿತೇ? ಈ ಕಾಲದಲ್ಲಿ ಕಾಗದ ಬರೆಯುವ ಅಕ್ಕನನ್ನು ನೆನೆದು ಗಂಡ ಹೆಂಡತಿ ನಗುತ್ತೀರಿ, ಗೊತ್ತು. ಫೋನ್ ಮಾಡಿದರೆ ‘ಅಕ್ಕಾ, ಪೂಜಾ ಟೈಮ್ ಆತು, ಆಮ್ಯಾಲ ಮಾಡ್ತೀನಿ’ ಅನ್ನುತ್ತೀ. ನಿನ್ನ ಆ ಆಮ್ಯಾಲ ಇನ್ನೂ ಬಂದಿಲ್ಲ. ಕಾಗದವಾದರೆ ಪೂರ್ತಿ ಓದಲೇಬೇಕು.

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಿದ್ದೆನಲ್ಲ, ಅದಕ್ಕೆ ಮೊದಲು ಕಲಬುರಗಿಯಲ್ಲಿ ಎದೆಯ ಸ್ಕ್ಯಾನ್ ಮಾಡಿದರು. ಕಲ್ಲಿನ ಮಾತು ಅಲ್ಲಿಗೇ ನಿಂತಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿದೆಯಂತೆ. ಉಬ್ಬಿದಲ್ಲಿ ಗೋಡೆ ತೆಳುವಾಗಿರುತ್ತದೆ, ರಕ್ತದೊತ್ತಡ ಏರಿದರೆ ಹರಿಯಬಹುದು, ಹೈದರಾಬಾದಿನಲ್ಲಿ ಇದನ್ನೇ ನೋಡುವ ಡಾಕ್ಟರಿದ್ದಾರೆ, ಅವರ ಹತ್ತಿರ ಹೋಗಿ ಎಂದರು. ನನಗೆ ನೋವಿಲ್ಲ, ಉಸಿರು ಕಟ್ಟುವುದಿಲ್ಲ. ಮರುದಿನ ಶಾಲೆಯಲ್ಲಿ ಗದ್ದಲ ಮಾಡುತ್ತಿದ್ದ ಹುಡುಗಿಯರನ್ನು ಗದರಿಸಲು ಬಾಯಿ ತೆರೆದಾಗ ಮಾತ್ರ ಒಮ್ಮೆಲೇ ಹೆದರಿಕೆಯಾಗಿ ಹಾಗೇ ಮುಚ್ಚಿಕೊಂಡೆ. ಟೀಚರ್ ಈಗ ಒಳ್ಳೆಯವರಾಗಿದ್ದಾರೆ ಎಂದು ಅವರು ಖುಷಿಯಾಗಿದ್ದಾರೆ.

ಹೈದರಾಬಾದಿಗೆ ಒಬ್ಬಳೇ ಹೋದೆ. ಜೊತೆಗೆ ಬರುತ್ತೇನೆಂದಿದ್ದ ಜಬೀನ್ ಟೀಚರಿಗೆ ಪರೀಕ್ಷೆಯ ಡ್ಯೂಟಿ ಬಿತ್ತು. ರೈಲಿನಲ್ಲಿ ಸೇಡಂ ದಾಟುವವರೆಗೂ ಒಂದೇ ಚಿಂತೆ, ಪರಿಚಯದವರು ಸಿಕ್ಕು ಎಲ್ಲಿಗೆ ಎಂದು ಕೇಳಿದರೆ ಏನು ಹೇಳುವುದು ಎಂದು. ಯಾರೂ ಸಿಗಲಿಲ್ಲ. ಆಮೇಲೆ ಅದಕ್ಕೂ ಬೇಸರವಾಯಿತು. ಆಸ್ಪತ್ರೆಯಲ್ಲಿ ನರ್ಸ್ ಬಂದು ಪೇಷಂಟ್ ಕಡೆಯವರು ಯಾರು ಎಂದಾಗ ಎದ್ದು ನಿಂತೆ. ಪೇಷಂಟ್ ಎಲ್ಲಿ ಎಂದಳು. ಅದೂ ನಾನೇ ಎಂದೆ. ಅವಳಿಗೆ ನಗು ಬಂತು, ನನಗೂ ಬಂತು. ಹೊರಗೆ ಬಂದು ಅತ್ತೆ.

ಡಾಕ್ಟರು ಒಳ್ಳೆಯವರು. ಈಗಲೇ ಆಪರೇಷನ್ ಬೇಡ, ಮಾತ್ರೆ ತಪ್ಪಿಸಬೇಡಿ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಉಬ್ಬು ಬೆಳೆದರೆ ನೋಡೋಣ, ಭಾರ ಎತ್ತಬೇಡಿ ಎಂದರು. ಹಾಗಾಗಿ ಪಕ್ಕದ ಮನೆಯ ಇಮಾಮ್‌ಬೀ ದಿನಾ ಬಂದು ‘ಬಿಡ್ರಿ ಟೀಚರಮ್ಮಾ, ಕೊಡ ನಾ ಎತ್ತಿಡ್ತೀನಿ’ ಎಂದು ನೀರು ತುಂಬಿಕೊಡುತ್ತಾಳೆ. ಹೌದು, ದೇವರ ನೀರನ್ನೂ. ಹುಬ್ಬೇರಿಸಬೇಡ. ಅವಳು ಹೋದ ಮೇಲೆ ಮನೆಯಲ್ಲಿ ಮಾತಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗಲೂ ಮೆಲ್ಲಗೆ ಬದಲಿಸುತ್ತೇನೆ.

ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರು ಕೇಳಿದರು. ನಾನು ಹೆಮ್ಮೆಯಿಂದಲೇ ಅಪ್ಪನ ವಿಷಯ ಹೇಳಿದೆ. ಶಹಾಬಾದಿನ ಗುಡಿಯಲ್ಲಿ ಏಕಾದಶಿಯ ದಿನ ಮಂಗಳಾರತಿ ಎತ್ತುತ್ತಲೇ ದೇವರ ಮುಂದೆ ಒರಗಿದ್ದು, ಊರೆಲ್ಲ ಬಂದು ಪಾದ ಮುಟ್ಟಿದ್ದು. ‘ಎಂಥಾ ಪುಣ್ಯೇದ ಸಾವ್ರೀ, ಯಾರಿಗ್ ಬರ್ತದ!’ ಎಂದು ಜನ ಅಂದ ಮಾತನ್ನೇ ಹಿಡಿದುಕೊಂಡು ಅಮ್ಮ ಕೊನೆಯ ತನಕ ಬದುಕಿದಳು. ನೀನು ಪ್ರವಚನದಲ್ಲಿ ಹೇಳುತ್ತೀ, ಕೊನೆಗೆ ‘ನಮಗೂ ಅಂಥಾದ್ದ ಬರ್ಲಿ’ ಎಂದು ಕೈ ಮುಗಿಯುತ್ತೀ. ಡಾಕ್ಟರು ಕೈ ಮುಗಿಯಲಿಲ್ಲ. ಹಿಂದಿನ ದಿನ ಬೆನ್ನು ನೋವಿತ್ತೇ ಎಂದರು.

ಇತ್ತು, ರಘು. ನೀನಾಗ ಪಾಠಶಾಲೆಯಲ್ಲಿದ್ದೆ. ‘ಬೆನ್ನಾಗ ಏನೋ ಹರದಂಗ ಆಗಾಕತ್ತದ’ ಎಂದು ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು. ವಾಯು ಇರಬೇಕೆಂದು ಅಮ್ಮ ಎಣ್ಣೆ ತಿಕ್ಕಿದಳು. ಮರುದಿನ ಮುಖ ಬಿಳಿಚಿದ್ದನ್ನು ಕಂಡು ಉಪವಾಸದ್ದು ಎಂದುಕೊಂಡೆವು. ಅಪ್ಪನಿಗೂ ಇದೇ ಇದ್ದಿರಬೇಕು ಎಂದರು ಡಾಕ್ಟರು. ಅಷ್ಟು ನೋವಿನಲ್ಲಿ ಅಪ್ಪ ಆರತಿ ಎತ್ತಿದರು, ನಾವು ಅದನ್ನು ಪುಣ್ಯವೆಂದು ಕರೆದೆವು. ಇದನ್ನು ಯಾರ ಮುಂದೆ ಹೇಳಲಿ? ಅಪ್ಪನ ಫೋಟೋದ ಎದುರು ಕೂತರೆ ಸಿಟ್ಟು ಬರುತ್ತದೆ, ಆಮೇಲೆ ಅಳು.

ತೊಗರಿಬೇಳೆ ಕಳಿಸುತ್ತೇನೆ. ಪ್ರಮಿತಾ ಬಿಸಿನೀರಿನ ಶಾಖ ಬಿಡದಿರಲಿ. ಇಬ್ಬರೂ ತಣ್ಣಗಿರಿ, ಕೂದಲು ಪೂರ್ತಿ ಹಣ್ಣಾಗುವವರೆಗೆ ಬಾಳಿ.

ನಿನ್ನ
ಪದ್ಮಕ್ಕ

ತಾ.ಕ.: ಮುಖ್ಯ ಮಾತು ಬರೆಯಲು ಕೈ ಬಂದಿರಲಿಲ್ಲ. ಇದು ರಕ್ತದಲ್ಲಿ ಬರಬಹುದಂತೆ, ಒಡಹುಟ್ಟಿದವರು ತಡಮಾಡದೆ ಎದೆಯ ಸ್ಕ್ಯಾನ್ ಮಾಡಿಸಲೇಬೇಕು ಎಂದು ಡಾಕ್ಟರು ಒತ್ತಿ ಹೇಳಿ ಕಳಿಸಿದರು. ಅಪ್ಪ ಹೋದ ವಯಸ್ಸಿಗೆ ನೀನು ಹತ್ತಿರ ಬಂದಿದ್ದೀ. ಈ ವಾರವೇ ಹೋಗು. ಪ್ರಮಿತಾಳನ್ನು ಕರೆದುಕೊಂಡು ಹೋಗು, ನನ್ನ ಹಾಗೆ ಒಬ್ಬನೇ ಹೋಗಬೇಡ. ಅದಕ್ಕೂ ಮೊದಲೇ ಬೆನ್ನಲ್ಲಿ ಅಂಥ ನೋವು ಬಂದರೆ, ಏಕಾದಶಿಯಾದರೂ ಸರಿ, ಮಂಗಳಾರತಿ ಅರ್ಧಕ್ಕೇ ಬಿಟ್ಟು ಆಸ್ಪತ್ರೆಗೆ ಓಡು. ನಿನ್ನ ಸಾವನ್ನೂ ಜನ ಬಂದು ಹೊಗಳಿದರೆ, ಎದುರಿಗೆ ಕೂತು ಕೇಳಿಸಿಕೊಳ್ಳಲು ತವರಿನ ಕಡೆಯಿಂದ ನಾನೊಬ್ಬಳೇ ಉಳಿದಿರುತ್ತೇನೆ. ಅದು ನನ್ನಿಂದ ಆಗುವುದಿಲ್ಲ, ರಘು.