ಮುಂದಿನವು ದಾಟುವವರೆಗೆ

ಮಾನ್ಯ ವನ್ಯಜೀವಿ ನಿರ್ದೇಶಕರೇ,

ಕ್ಯಾರಿಬೂ ಹಿಮಸಾರಂಗಗಳ ಹಿಂಡು ಬರುವ ಹೊತ್ತಿಗೆ ಜಲ್ಲಿ ರಸ್ತೆಯನ್ನು ಹೊರಗಿನ ಬೇಟೆಗಾರರಿಗೆ ತೆರೆಯಲು ಗ್ವಿಚಿನ್ ಬುಡಕಟ್ಟಿನ ನಮ್ಮ ಹಳ್ಳಿ ಒಪ್ಪಿದೆ ಎಂದು ಕಳೆದ ವರ್ಷ ತಾವು ಸಾರಿದಿರಿ. ಅದೇ ಒಪ್ಪಿಗೆಯ ಮೇಲೆ ಈ ಶರತ್ಕಾಲದಲ್ಲೂ ತೆರೆಯುವುದಾಗಿ ಮೊನ್ನೆ ತಿಳಿಸಿದ್ದೀರಿ. ಸ್ವಾಮಿ, ನಾವು ಒಪ್ಪಿಲ್ಲ. ಆಗಲೂ ಒಪ್ಪಿರಲಿಲ್ಲ. ಹಳ್ಳಿಯ ರೇಡಿಯೊದಲ್ಲಿ ಬೆಳಿಗ್ಗೆ ಹವೆ ಹೇಗಿದೆ, ವಿಮಾನ ಬರುತ್ತದೋ ಇಲ್ಲವೋ, ಯಾರ ನಾಯಿ ತಪ್ಪಿಸಿಕೊಂಡಿದೆ ಎಂದು ಓದುವವಳು ನಾನು. ಕಳೆದ ವರ್ಷ ತಮ್ಮ ಆ ಪ್ರಕಟಣೆಯನ್ನು ಓದಿದ್ದೂ ನಾನೇ. ಓದಿ ಮುಗಿಸುವಷ್ಟರಲ್ಲಿ ಫೋನಿನ ಮೇಲೆ ಫೋನು ಬಂತು. ಒಪ್ಪಿದ್ದು ಯಾರಂತೆ ಎಂದು ಎಲ್ಲರೂ ನನ್ನನ್ನೇ ಕೇಳಿದರು. ನನಗೇನು ಗೊತ್ತು?

ತಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದರೆ ಕ್ಷಮಿಸಿ. ಹಿಂಡಿನಲ್ಲಿ ಮೊದಲು ಬರುವ ಪ್ರಾಣಿಗಳನ್ನು ನಾವು ಹೊಡೆಯುವುದಿಲ್ಲ. ಅವುಗಳನ್ನು ಮುಂದಿನವು ಎನ್ನುತ್ತೇವೆ. ಹೆಚ್ಚಾಗಿ ವಯಸ್ಸಾದ ಹೆಣ್ಣುಗಳು. ಹೋಗುವ ದಾರಿ ಅವಕ್ಕೆ ನೆನಪಿರುತ್ತದೆ, ಅವುಗಳ ಗೊರಸಿನ ವಾಸನೆ ನೆಲದಲ್ಲಿ ಉಳಿಯುತ್ತದೆ, ಹಿಂದಿನವು ಅದನ್ನೇ ಮೂಸುತ್ತ ಬರುತ್ತವೆ. ಅವು ರಸ್ತೆಯನ್ನೂ ಅದರಾಚೆಯ ನದಿಯನ್ನೂ ದಾಟಿ ಮರಗಳ ಒಳಗೆ ಸೇರುವವರೆಗೆ ಬಂದೂಕು ಮೇಲಕ್ಕೆ ಏಳುವ ಹಾಗಿಲ್ಲ, ನಾಯಿ ಬಿಡುವ ಹಾಗಿಲ್ಲ, ದಾರಿಯ ಬಳಿ ಹೊಗೆ ಹಾಕುವ ಹಾಗಿಲ್ಲ. ನಮಗೇನು ಆಸೆಯಿಲ್ಲವೇ? ಹಳೆಯ ಮಾಂಸ ತೀರಿ, ಬೇಸಿಗೆಯೆಲ್ಲ ಮೀನು ತಿಂದು ಬಾಯಿ ಕೆಟ್ಟುಹೋಗಿರುತ್ತದೆ. ಬೆನ್ನಿನ ಮೇಲೆ ಕೊಬ್ಬು ತುಂಬಿದ ಪ್ರಾಣಿ ಕಣ್ಣೆದುರೇ ನಡೆದು ಹೋಗುವಾಗ ಕೈಕಟ್ಟಿ ಕೂರಬೇಕು. ನನ್ನ ಸೋದರಮಾವ ಎಫ್ರೈಮ್ ಪ್ರತಿವರ್ಷ ಗುಡ್ಡದ ಮೇಲೆ ದುರ್ಬೀನು ಹಿಡಿದು ಹೀಗೆ ಕೂರುತ್ತಾನೆ. ದಾಟಿದವು ಎಂದು ಅವನು ಹೇಳಿದ ಮೇಲೆಯೇ ಊರಿನ ಬಂದೂಕುಗಳು ಹೊರಬರುತ್ತವೆ.

ಇದೆಲ್ಲ ಮುದುಕರ ಕಥೆ ಎಂದು ತಮ್ಮ ಕಚೇರಿಯವರಿಗೆ ಅನ್ನಿಸಬಹುದು ಎಂದೇ ಪಟ್ಟಿಯಕ್ಕನ ವಿಷಯವನ್ನೂ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದಿಂದ ಬಂದ ವಿಜ್ಞಾನಿ ಟೆರೆಸಾ ಕೊವಾಲ್ಚುಕ್ ಅವರಿಗೆ ಊರು ಇಟ್ಟ ಹೆಸರು ಅದು. ಹೆಲಿಕಾಪ್ಟರಿನಲ್ಲಿ ಅಟ್ಟಿಸಿಕೊಂಡು ಹೋಗಿ, ಬಲೆ ಬೀಸಿ, ಕ್ಯಾರಿಬೂಗಳ ಕೊರಳಿಗೆ ಉಪಗ್ರಹದ ಪಟ್ಟಿ ಕಟ್ಟುವುದು ಆಕೆಯ ಕೆಲಸ. ಮಾವ ಮೊದಲ ವರ್ಷ ಆಕೆಯ ಮುಖ ನೋಡಲಿಲ್ಲ. ಎರಡನೆಯ ವರ್ಷ ಆಕೆ ತಾನಾಗಿಯೇ ಗುಡ್ಡ ಹತ್ತಿ ಅವನ ಪಕ್ಕ ಕೂತಾಗ, "ನಿನ್ನ ಕೊರಳಿಗೂ ಒಂದು ಕಟ್ಟಲೇನಮ್ಮಾ? ಮಗಳು ಎಲ್ಲಿ ಅಲೀತಿದಾಳೆ ಅಂತ ನಿಮ್ಮಮ್ಮಂಗಾದ್ರೂ ಗೊತ್ತಾಗುತ್ತೆ" ಅಂದ. ಆಕೆ ನಕ್ಕಳು, ಅಲ್ಲಿಂದ ಏಳಲಿಲ್ಲ. ಆ ವರ್ಷದಿಂದ ಇಬ್ಬರಿಗೂ ಒಂದೇ ಡೇರೆ, ಒಂದೇ ಚಹಾ ಪಾತ್ರೆ, ದಿನವಿಡೀ ವಾದ.

ನದಿಯ ತಿರುವಿನಲ್ಲಿ ಬೆದರಿ ಹಿಂತಿರುಗಿದ ಪ್ರಾಣಿಗಳು ಬೆಟ್ಟದ ಹಿಮದಲ್ಲಿ ಸಿಕ್ಕಿ ಸಾಯುತ್ತವೆ ಎಂದು ಮಾವ ನಂಬಿದ್ದ. ಅವನ ಅಪ್ಪ ಹೇಳಿಕೊಟ್ಟದ್ದು. ಸಾಯುವುದಿಲ್ಲ, ಪಶ್ಚಿಮದ ಸಾಲಿನಾಚೆ ಬೇರೆ ಕಣಿವೆಯಲ್ಲಿ ಚಳಿಗಾಲ ಕಳೆಯುತ್ತವೆ ಎಂದು ಪಟ್ಟಿಯಕ್ಕ ಪರದೆಯ ಮೇಲೆ ಗೆರೆಗೆರೆಯಾಗಿ ತೋರಿಸಿದಳು. ಮಾವ ಬಹಳ ಹೊತ್ತು ನೋಡಿ, "ಹಾಗಾದ್ರೆ ನಮ್ಮಪ್ಪ ಹೇಳಿದ್ದು ತಪ್ಪು. ಅವನಿದ್ದಿದ್ರೆ ಒಪ್ತಿರ್ಲಿಲ್ಲ. ನಾನು ಒಪ್ಕೊಳ್ತೀನಿ" ಅಂದ. ಆದರೆ ಆಕೆಗೂ ಒಂದು ಗಂಟು ಬಿಡಿಸಲು ಬಂದಿರಲಿಲ್ಲ. ಕೆಲವು ವರ್ಷ ಗೆರೆಗಳು ರಸ್ತೆಯನ್ನು ನೆಟ್ಟಗೆ ದಾಟುತ್ತವೆ, ಕೆಲವು ವರ್ಷ ರಸ್ತೆಯ ಹತ್ತಿರ ಬಂದು ಗೋಜಲಾಗಿ ಪಶ್ಚಿಮಕ್ಕೆ ಬಾಗುತ್ತವೆ. ಹಿಮ, ಗಾಳಿ, ತೋಳ ಎಲ್ಲವನ್ನೂ ಲೆಕ್ಕ ಹಾಕಿ ಸೋತಿದ್ದಳು. ಬಾಗಿದ ವರ್ಷಗಳನ್ನು ಹೇಳು ಎಂದ ಮಾವ. ಆಕೆ ಒಂದೊಂದೇ ಹೇಳುತ್ತ ಹೋದಂತೆ, ಆ ವರ್ಷ ಮುಂದಿನವುಗಳ ಮೇಲೆ ಎಲ್ಲಿ ಗುಂಡು ಬಿತ್ತು ಎಂದು ಅವನು ಹೇಳುತ್ತ ಹೋದ. ಅವನ ನೆನಪು ಸರಿಯೇ ಎಂದು ಆಕೆ ಬೇರೆ ಹಳ್ಳಿಗಳ ಬೇಟೆಗಾರರನ್ನೂ ಕೇಳಿ ನೋಡಿದಳು. ತಾಳೆಯಾಯಿತು. ಮುಂದಿನವು ದಾಟುವವರೆಗೆ ರಸ್ತೆ ಮುಚ್ಚಿರಲಿ ಎಂಬ ಮನವಿಯನ್ನು ಇಬ್ಬರೂ ಕೂಡಿಯೇ ತಮಗೆ ಕಳಿಸಿದರು. ನಮ್ಮ ತಿಳಿವನ್ನೂ ವಿಜ್ಞಾನವನ್ನೂ ಜೊತೆಗೆ ಕೊಂಡೊಯ್ಯಬೇಕೆಂದು ತಾವು ಎಲ್ಲ ಭಾಷಣದಲ್ಲೂ ಹೇಳುತ್ತೀರಲ್ಲ, ಅದು ಜೊತೆಯಾಗಿಯೇ ತಮ್ಮ ಬಾಗಿಲಿಗೆ ಬಂದಿತ್ತು.

ಆಮೇಲೆ ತಾವೇ ನಮ್ಮೂರಿಗೆ ದಯಮಾಡಿಸಿದಿರಿ. ಸಭೆ ನಡೆಯಿತು, ಕಾಫಿ ಬಿಸ್ಕತ್ತೂ ಆಯಿತು. ಹಿಂಡು ಚೆನ್ನಾಗಿದೆ, ರಸ್ತೆ ಎಲ್ಲರದು, ಬೇಟೆಗೆ ಎಲ್ಲರಿಗೂ ಸಮಾನ ಅವಕಾಶವಿರಬೇಕು ಎಂದು ತಾವು ವಿನಯದಿಂದಲೇ ವಿವರಿಸಿದಿರಿ. ಕೊನೆಗೆ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದಿರಿ.

ನಮ್ಮಲ್ಲಿ ಪ್ರಾಣಿಗಳ ಹೆಸರಿನಲ್ಲಿ ಜಗಳ ಆಡುವುದಿಲ್ಲ. ಅವುಗಳಿಗೆ ಕೇಳಿಸುತ್ತದೆ. ನನ್ನದು ನಿನ್ನದು ಎಂದು ತಮ್ಮ ಮೈಯನ್ನು ಹಂಚಿಕೊಳ್ಳುವವರ ಕಡೆಗೆ ಅವು ಮತ್ತೆ ಬರುವುದಿಲ್ಲ. ಹಾಗಾಗಿ ಒಪ್ಪದ ಮಾತು ಬಂದಾಗ ಹಿರಿಯರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ಆಡಿದವನಿಗೆ ನಾಚಿಕೆಯಾಗಿ ಅವನೇ ಮಾತು ಹಿಂತೆಗೆದುಕೊಳ್ಳಲಿ ಎಂದು ಕಾಯುತ್ತಾರೆ. ಮೌನ ಎಷ್ಟು ಉದ್ದವೋ ನಿರಾಕರಣೆಯೂ ಅಷ್ಟೇ ಗಟ್ಟಿ. ಆ ದಿನ ಸಭಾಂಗಣದಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಅಂಥ ಮೌನವನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ. ತಾವು ಗಡಿಯಾರ ನೋಡಿದಿರಿ, ಧನ್ಯವಾದ ಹೇಳಿ ಹೆಲಿಕಾಪ್ಟರ್ ಹತ್ತಿದಿರಿ. ಹೊರಗೆ ಮಾವನ ಹೆಂಡತಿ ಬೆರ್ಥಾ ಅತ್ತೆ ಕಂಗಾಲಾಗಿ, "ಅಷ್ಟು ಗಟ್ಟಿಯಾಗಿ ಬೇಡ ಅಂದ್ವಲ್ಲೇ, ಆ ಮನುಷ್ಯನಿಗೆ ಕೇಳಿಸಲೇ ಇಲ್ವಾ?" ಅಂದಳು.

ತಮಗೆ ಅರ್ಥವಾಗುವ ಭಾಷೆಯಲ್ಲಿ ಬೇಡ ಅನ್ನಬಲ್ಲವಳು ಪಟ್ಟಿಯಕ್ಕ ಒಬ್ಬಳೇ. ಆಕೆಯೂ ಅಲ್ಲೇ, ಮಾವನ ಪಕ್ಕದಲ್ಲೇ ಇದ್ದಳು. ನಮ್ಮ ನಡೆನುಡಿ ಅಷ್ಟರಲ್ಲಿ ಆಕೆಯ ಮೈಗೂ ಅಂಟಿಕೊಂಡಿತ್ತು. ಹಿರಿಯರು ತಲೆ ತಗ್ಗಿಸಿದರು, ಆಕೆಯೂ ತಗ್ಗಿಸಿದಳು. ಪ್ರಕಟಣೆ ಹೊರಬಿದ್ದ ದಿನ ರೇಡಿಯೊ ಕೋಣೆಗೆ ಬಂದು ನನ್ನೆದುರು ಅತ್ತಳು. ಆಮೇಲೆ ಆಕೆ ಕಳಿಸಿದ ತಕರಾರಿಗೆ, ಸಭೆಯಲ್ಲೇ ಹೇಳಬೇಕಿತ್ತು ಎಂಬ ಉತ್ತರ ತಮ್ಮ ಕಚೇರಿಯಿಂದ ಬಂತು. ಅರ್ಧ ಕಲಿತಿದ್ದರೆ ಅಂದೇ ಎದ್ದು ಮಾತಾಡುತ್ತಿದ್ದಳೋ ಏನೋ, ಪಾಪ, ಪೂರ್ತಿ ಕಲಿತುಬಿಟ್ಟಿದ್ದಳು.

ಮುಂದೆ ಆದದ್ದು ತಮಗೆ ತಿಳಿದಿದೆ. ರಸ್ತೆಯುದ್ದಕ್ಕೂ ಟ್ರಕ್ಕುಗಳು ಬಂದು ನಿಂತವು. ಮುಂದಿನವು ಬೆಟ್ಟದಿಂದ ಇಳಿದು ಜಲ್ಲಿಗೆ ಕಾಲಿಡುತ್ತಿದ್ದಂತೆ ಗುಂಡು ಹಾರಿತು. ಕಾನೂನು ಮೀರಿದವರು ಒಬ್ಬರೂ ಇಲ್ಲ, ಎಲ್ಲರ ಬಳಿಯೂ ತಮ್ಮ ಪರವಾನಗಿ ಇತ್ತು. ಹಿಂದಿನವು ಸತ್ತವುಗಳ ಸುತ್ತ ಸುತ್ತಿದವು, ನದಿಯ ಕಡೆ ಹೋಗಲು ನೋಡಿ ಮತ್ತೆ ಹಿಂದಕ್ಕೆ ಓಡಿದವು. ಮಾವ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಗುಡ್ಡ ಇಳಿದ. ಕೆಲವು ದಿನಗಳಲ್ಲಿ ಪರದೆಯ ಮೇಲಿನ ಗೆರೆಗಳೆಲ್ಲ ಪಶ್ಚಿಮಕ್ಕೆ ಬಾಗಿದವು. ಪಟ್ಟಿಯಕ್ಕ ಅದನ್ನು ಹೇಳಲು ಅವನ ಅಡುಗೆಮನೆಗೆ ಬಂದರೆ, "ತೋರಿಸ್ಬೇಡ, ನನಗೆ ಗೊತ್ತು" ಅಂದ. ಆ ಚಳಿಗಾಲ ಮಾಂಸ ಒಣಗಿಸುವ ನಮ್ಮ ಹೊಗೆಗುಡಿಸಲುಗಳಲ್ಲಿ ಹೊಗೆ ಏಳಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ಅಂಗಡಿಯ ಮಂಜುಗಟ್ಟಿದ ಕೋಳಿ. ಅತ್ತೆ ತನ್ನ ಮೊಮ್ಮಗಳಿಗೆ ಹಲ್ಲು ಬರುವಾಗ ಕಚ್ಚಲು ಕೊಡುವ ಒಣಮಾಂಸದ ತುಂಡಿಗಾಗಿ ಪಕ್ಕದ ಹಳ್ಳಿಯವರ ಮುಂದೆ ಕೈಚಾಚಿದಳು. ಕೈಚಾಚಿ ಅಭ್ಯಾಸವಿಲ್ಲದ ಹೆಂಗಸು ಅವಳು. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ.

ಹಿಂಡಿನ ತಲೆಯೆಣಿಕೆಯಲ್ಲಿ ಏನೂ ಇಳಿಕೆಯಾಗಿಲ್ಲ ಎಂದು ತಮ್ಮ ಕಚೇರಿ ವರದಿ ಮಾಡಿದೆ. ನಿಜವಿರಬಹುದು. ಆದರೆ ದಾರಿ ಬಲ್ಲ ಮುದುಕಿಯರು ಇನ್ನೊಂದು ವರ್ಷವೂ ಜಲ್ಲಿಯ ಮೇಲೆ ಬಿದ್ದರೆ, ನಮ್ಮ ನದಿಯ ದಾರಿ ಯಾವ ಕ್ಯಾರಿಬೂವಿನ ನೆನಪಿನಲ್ಲೂ ಉಳಿಯುವುದಿಲ್ಲ. ಹಿಂಡು ಆಚೆ ಕಣಿವೆಯಲ್ಲಿ ಸುಖವಾಗಿರುತ್ತದೆ, ಎಣಿಕೆ ಸರಿಯಾಗಿಯೇ ಇರುತ್ತದೆ. ನಾವು ಇಲ್ಲಿ ಕೋಳಿ ತಿನ್ನುತ್ತ ಅದನ್ನು ಓದಿಕೊಳ್ಳಬೇಕೇ?

ಆದ್ದರಿಂದ ಕೇಳುತ್ತಿದ್ದೇನೆ. ಈ ವರ್ಷದ ಆದೇಶವನ್ನು ಹಿಂತೆಗೆದುಕೊಳ್ಳಿ. ಗುಡ್ಡದಿಂದ ಮಾವನೂ ಪರದೆಯಿಂದ ಪಟ್ಟಿಯಕ್ಕನೂ, ಇಬ್ಬರೂ, ಮುಂದಿನವು ದಾಟಿದವು ಎಂದ ಮೇಲೆ ರಸ್ತೆ ತೆರೆಯಿರಿ. ಒಬ್ಬರೇ ಹೇಳಿದರೆ ಸಾಲದು, ಇಬ್ಬರೂ ಒಮ್ಮೊಮ್ಮೆ ತಪ್ಪುತ್ತಾರೆ. ಮೊದಲ ಪ್ರಾಣಿಗಳು ಆಗಲೇ ಉತ್ತರದ ಬಯಲು ಬಿಟ್ಟಿವೆ, ತಮಗೆ ಹೆಚ್ಚು ದಿನಗಳಿಲ್ಲ.

ಎಲ್ಲರೂ ಓದಲೆಂದು ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುನ್ನ ಮಾವನಿಗೆ ಪೂರ್ತಿ ಓದಿ ಹೇಳಿದೆ. ಪ್ರಾಣಿಗಳ ಹೆಸರಿನಲ್ಲಿ ಹೀಗೆ ಊರೆದುರು ಜಗಳ ತೆಗೆಯಬಹುದೇ ಎಂದು ಕೇಳಿದೆ. ಮಾವ ತಲೆ ತಗ್ಗಿಸಿ ಒಲೆಯನ್ನೇ ನೋಡುತ್ತ ಕೂತ. ಅತ್ತೆಯೂ ಮಾತಾಡಲಿಲ್ಲ. ಚಹಾ ಆರಿತು. ತಾವಾಗಿದ್ದರೆ ಧನ್ಯವಾದ ಹೇಳಿ ಎದ್ದು ಹೋಗುತ್ತಿದ್ದಿರಿ. ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅವರು ಹೇಳಿದ್ದು ನನಗೆ ಸರಿಯಾಗಿ ಕೇಳಿಸಿತು. ಆದರೂ ಕಳಿಸುತ್ತಿದ್ದೇನೆ.

ಇಂತಿ,
ಹಿರಿಯರ ಮಾತು ಮೀರಿದ ಸೋದರಸೊಸೆ,
ಡೋರ್ಕಸ್