ಫಖ್ರುನ್ನೀಸಾ ಬಿಡಿಸಿಕೊಟ್ಟ ಕಪ್ಪೆ

ಗೊರಗುಂಟೆಪಾಳ್ಯ
೬ ಜೂನ್ ೧೯೬೫

ನನ್ನ ಫಖ್ರುನ್ನೀಸಾ,

ನಿಮ್ಮ ಅಬ್ಬಾಗೆ ಗುಂತಕಲ್ಲಿಗೆ ವರ್ಗವಾಗಿ ನೀವೆಲ್ಲ ಹೊರಟಮೇಲೆ ನಿನ್ನ ವಿಳಾಸವೇ ನನ್ನ ಬಳಿ ಇರಲಿಲ್ಲ. ನಿನ್ನೆ ಯಲಹಂಕ ಸ್ಟೇಷನ್ನಿಗೆ ಹೋಗಿ ನಿಮ್ಮ ಅಬ್ಬಾ ಜೊತೆ ಕೆಲಸ ಮಾಡುತ್ತಿದ್ದ ಪೋರ್ಟರ್ ಮುನಿಶಾಮಿಯವರನ್ನು ಕಾಡಿ ಬರೆಸಿಕೊಂಡು ಬಂದೆ. ಹೇಗಿದ್ದೀಯೆ? ಮದುವೆಯಾಯಿತೇ? ಗುಂತಕಲ್ಲಿನ ಬಿಸಿಲನ್ನು ಹೇಗೆ ತಡೆದುಕೊಂಡೆ?

ನಾವು ಬಿ.ಎಸ್ಸಿ.ಯ ಮೊದಲೆರಡು ವರ್ಷ ಒಟ್ಟಿಗೆ ಓದುವಾಗ, ನೀನು ಯಲಹಂಕದಲ್ಲಿ ಹತ್ತಿದ ರೈಲನ್ನು ನಾನು ಪಾಳ್ಯದಿಂದ ನಡೆದುಬಂದು ಯಶವಂತಪುರದಲ್ಲಿ ಹಿಡಿಯುತ್ತಿದ್ದೆ. ಸಿಟಿ ಸ್ಟೇಷನ್ ಬರುವವರೆಗಿನ ಇಪ್ಪತ್ತು ನಿಮಿಷ ನನ್ನ ಕಥೆಯದು. ಹಿಂದಿನ ದಿನ ಬರೆದಷ್ಟನ್ನು ಓದಿದರೆ, "ಅರೇ, ಆಮೇಲೇನ್ ಮಾಡಿದ್ಲೇ ಅವಳು?" ಎಂದು ನೀನು ನನ್ನ ತೋಳು ಜಗ್ಗುತ್ತಿದ್ದೆ. ಅದು ನನಗೂ ಗೊತ್ತಿರುತ್ತಿರಲಿಲ್ಲ. ತಿಳಿದುಕೊಳ್ಳುವ ಆತುರಕ್ಕೆ ಕ್ಲಾಸಿನಲ್ಲೇ ನೋಟ್ಸಿನ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಅಪ್ಪ ಸೊಪ್ಪಿನ ಕಂತೆ ಕಟ್ಟುತ್ತಾ ಒಮ್ಮೆ ಹೇಳಿದ್ದರು: "ನೀನು ಓದಕ್ಕೆ ಓಯ್ತಿದ್ದೀಯೋ ಗೀಚಕ್ಕೆ ಓಯ್ತಿದ್ದೀಯೋ ನಂಗೊತ್ತಿಲ್ಲ ಕಣಮ್ಮ. ಫೇಲಾದ್ರೆ ಮಾತ್ರ ಕಾಲೇಜು ಬಂದ್."

ಎರಡನೆಯ ವರ್ಷ ಒಂದು ಮಾಸಪತ್ರಿಕೆ ವಿದ್ಯಾರ್ಥಿಗಳಿಗಾಗಿ ಕಥಾಸ್ಪರ್ಧೆ ಇಟ್ಟಿತ್ತು. ಕಥೆ ಕಳಿಸಲು ಸೋಮವಾರ ಕೊನೆ, ಪ್ರಾಣಿಶಾಸ್ತ್ರದ ರೆಕಾರ್ಡ್ ಒಪ್ಪಿಸಲೂ ಅದೇ ಸೋಮವಾರ. ಇಪ್ಪತ್ತೆರಡು ಚಿತ್ರಗಳಲ್ಲಿ ನಾನು ಬಿಡಿಸಿದ್ದು ಐದು. "ಕೊಡಿಲ್ಲಿ. ನೀನು ಕಥೆ ಮುಗಿಸು, ಕಪ್ಪೆಗಳನ್ನ ನಾನು ನೋಡ್ಕೋತೀನಿ" ಎಂದು ನೀನೇ ಪುಸ್ತಕ ಕಿತ್ತುಕೊಂಡೆ.

ವೆಂಕಟರಾಮಯ್ಯ ಮೇಷ್ಟರ ಕಣ್ಣು ತಪ್ಪಿಸಲಾಗಲಿಲ್ಲ. ಇಡೀ ಕ್ಲಾಸಿನ ಮುಂದೆ ಪುಟ ಎತ್ತಿ ಹಿಡಿದು, "ಸೊಣ್ಣಮ್ಮ, ಇದು ನಿನ್ನ ಕೈ ಅಲ್ಲವಲ್ಲ. ನಿನ್ನ ಕಪ್ಪೆ ಯಾವತ್ತೂ ಬದನೇಕಾಯಿ ಥರ ಇರುತ್ತೆ. ಯಾರು ಬಿಡಿಸಿದ್ದು?" ಎಂದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. ನನ್ನ ಕಣ್ಣೆದುರಿಗೆ ಇದ್ದದ್ದು ಅಪ್ಪನ ಮುಖ ಒಂದೇ. ನೀನು ಎದ್ದುನಿಂತು, "ನಾನೇ ಸರ್" ಎಂದೆ. ನಿನ್ನದು, ನನ್ನದು, ಎರಡೂ ರೆಕಾರ್ಡಿನ ಮೇಲೆ ಕೆಂಪು ಗೀಟು ಬಿತ್ತು. ಒಂದು ವಾರದಲ್ಲಿ ಹೊಸದಾಗಿ ಬರೆಯದಿದ್ದರೆ ಇಬ್ಬರಿಗೂ ಪರೀಕ್ಷೆ ಇಲ್ಲ ಎಂದರು.

ಸಂಜೆಯ ರೈಲಿನಲ್ಲಿ ಬೈಸಿಕೊಳ್ಳಲು ಸಿದ್ಧಳಾಗಿ ಕೂತಿದ್ದೆ. "ಕಥೆ ಪೋಸ್ಟ್ ಮಾಡಿದ್ಯಾ?" ಎಂದು ನೀನು ಕೇಳಿದೆ. ನಾನು ಹ್ಞೂಂ ಎಂದೆ. "ಸದ್ಯ" ಎಂದು ನೀನು ಕಿಟಕಿಯತ್ತ ತಿರುಗಿದೆ. ಕ್ಷಮಿಸು ಎನ್ನುವ ಮೊದಲೇ ಯಶವಂತಪುರ ಬಂದು, ನಾನು ಇಳಿದುಬಿಟ್ಟೆ.

ಆ ವಾರ ಕಥೆಯ ಒಂದಕ್ಷರ ಬರೆಯಲಿಲ್ಲ, ಲ್ಯಾಬಿನಲ್ಲಿ ಬರೀ ಕಪ್ಪೆ ನೋಡಿದೆ. ಎದೆ ಸೀಳಿದಮೇಲೂ ಅದರ ಗುಂಡಿಗೆ ಮಿಡಿಯುತ್ತಲೇ ಇತ್ತು, ಹುಣಿಸೆಬೀಜದಷ್ಟು ಗುಂಡಿಗೆ! ಬಿಡಿಸಿ, ಅಳಿಸಿ, ಮತ್ತೆ ಬಿಡಿಸುವಾಗ ನಾಚಿಕೆಯಾಯಿತು. ಕಥೆಯಲ್ಲಿ ಎಷ್ಟು ಸಲ "ಅವಳ ಎದೆ ಡವಗುಟ್ಟಿತು" ಎಂದು ಬರೆದಿದ್ದೆ, ಒಮ್ಮೆಯೂ ಏನನ್ನೂ ನೆಟ್ಟಗೆ ನೋಡಿರಲಿಲ್ಲ. ಕಥೆ ವಾಪಸು ಬಂತು. ಅಳಲಿಲ್ಲ. ಪರೀಕ್ಷೆ ಪಾಸಾಯಿತು, ನಿನ್ನದೂ. ಆ ಬೇಸಿಗೆಗೇ ನೀನು ಹೊರಟುಹೋದೆ.

ಈಗ ಬಾಗಲಗುಂಟೆಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಭಾನುವಾರ ಬೆಳಗ್ಗೆ ಬರೆಯುತ್ತೇನೆ, ಎರಡು ಕಥೆ ಅಚ್ಚಾಗಿವೆ. ಕಥೆಗೂ ಕೆಲಸಕ್ಕೂ ಜಗಳ ಪೂರ್ತಿ ನಿಂತಿಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೇ ಒಳ್ಳೆಯ ಸಾಲು ಬರಬೇಕೇ?

ಹೋದ ತಿಂಗಳು ಅಟ್ಟ ಗುಡಿಸುವಾಗ ಕೆಂಪು ಗೀಟಿನ ಆ ಹಳೆಯ ರೆಕಾರ್ಡ್ ಸಿಕ್ಕಿತು. ಕಪ್ಪೆಯ ಪುಟದ ಹಿಂದೆ ತೆಳು ಪೆನ್ಸಿಲ್ ಗೆರೆಗಳಲ್ಲಿ ಇನ್ನೊಂದು ಚಿತ್ರ. ರೈಲಿನ ಬೆಂಚಿನ ಮೇಲೆ ತಲೆ ಬಗ್ಗಿಸಿ ಬರೆಯುತ್ತಿರುವ ಹುಡುಗಿ. ಜಡೆ ನನ್ನದು, ಹರಿದ ಚಪ್ಪಲಿಯ ಉಂಗುಷ್ಠವೂ ನನ್ನದೇ. ಅಟ್ಟದ ಮೇಲೇ ಕೂತುಬಿಟ್ಟೆ. ಎರಡು ವರ್ಷ ದಿನಕ್ಕೆ ಇಪ್ಪತ್ತು ನಿಮಿಷ ನನ್ನ ಕಥೆ ಕೇಳಿಸಿದೆನಲ್ಲ, ನೀನೇನು ಬಿಡಿಸುತ್ತೀಯೆಂದು ಒಂದು ದಿನವಾದರೂ ಕೇಳಿದೆನೇ? ಇನ್ನೂ ಎಷ್ಟು ಚಿತ್ರಗಳಿದ್ದವು? ಯಾರಿಗೆ ತೋರಿಸುತ್ತಿದ್ದೆ? ಈಗಲೂ ಬಿಡಿಸುತ್ತೀಯಾ? ಬರೆ, ಫಖ್ರು. ಈ ಸಲ ಕೇಳಿಸಿಕೊಳ್ಳುವ ಸರದಿ ನನ್ನದು.

ನಿನ್ನ ಬೆರಳುಗಳು ಸುಖವಾಗಿರಲಿ, ತಾಯಿ.

ತಡವಾಗಿ ಕ್ಷಮೆ ಕೇಳುತ್ತಿರುವ,
ಸೊಣ್ಣಮ್ಮ