ಭವ್ಯ ಆರಿಸಿದ ಓದು

ಹನೂರು
8 ನವೆಂಬರ್ 2025

ಮಗಳು ಭವ್ಯಶ್ರೀಗೆ ಅಪ್ಪನ ಮನಸಾರೆ ಆಶೀರ್ವಾದ.

ಆರೋಗ್ಯ ಹೇಗಿದೆ ಮಗಳೇ? ಮೈಸೂರಿನ ಚಳಿಗೆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣು. ಡಾಕ್ಟರಿಗೆ ಬುದ್ಧಿ ಹೇಳುವಷ್ಟು ನಾನು ಓದಿಲ್ಲ, ಆದರೂ ಹೇಳುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಬರೆದುಕೊಟ್ಟ ಮಾತ್ರೆಗೆ ನಿಮ್ಮವ್ವನ ಮಂಡಿನೋವು ಇಳಿದಿದೆ. ನಾನು ಫೋನು ಹಿಡಿದರೆ ಅವಳು ಕಿತ್ತುಕೊಂಡು ತಾನೇ ಮಾತಾಡುತ್ತಾಳೆ, ಅದಕ್ಕೇ ಈ ಕಾಗದ.

ಹೋದ ತಿಂಗಳು ಬಂದಾಗ ನೀನು, ಎಂಬಿಬಿಎಸ್ ಆಯಿತು, ಮುಂದೆ ಫೋರೆನ್ಸಿಕ್ ಓದುತ್ತೇನೆ, ಸತ್ತವರು ಹೇಗೆ ಸತ್ತರೆಂದು ಪರೀಕ್ಷೆ ಮಾಡಿ ಕೋರ್ಟಿಗೆ ತಿಳಿಸುವ ವಿದ್ಯೆ ಅದು ಎಂದೆಯಲ್ಲ, ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಕೊಳ್ಳೇಗಾಲದ ನಿನ್ನ ಸೋದರಮಾವ ಮಾದೇಶ ಬಂದು, ಚರ್ಮದ ಡಾಕ್ಟರಾದರೆ ನಿದ್ದೆಗೆ ಭಂಗವಿಲ್ಲ, ಸ್ಕ್ಯಾನಿಂಗ್ ಆದರೆ ರೋಗಿಗಳ ಗೋಳಿಲ್ಲ, ಎರಡೂ ಬೇಡವೆಂದರೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರಲಿ ಎಂದು ಹೇಳಿ ಹೋದ. ನಿಮ್ಮವ್ವನಿಗೆ ನೀನು ಮಕ್ಕಳ ಡಾಕ್ಟರೇ ಆಗಬೇಕು. "ಎಣ ಕುಯ್ಯೋಕಾ ಅಷ್ಟು ಓದ್ಸಿದ್ದು? ನಾಳೆ ಯಾರು ಸೊಸೆ ಮಾಡ್ಕತ್ತಾರೆ?" ಎನ್ನುತ್ತಿದ್ದಳು. ನನಗೂ ಅಷ್ಟಾಗಿ ಮನಸ್ಸಿರಲಿಲ್ಲ ಎನ್ನು.

ಮೊನ್ನೆ ಗುರುವಾರ ಮಾದೇವಮ್ಮ ಎಂಬ ರಾಮಾಪುರದ ಹೆಂಗಸು ಒಂದು ಚೀಲ ಅಲಸಂದೆ ಕಾಯಿ ಹೊತ್ತು ನಮ್ಮ ಮನೆ ಹುಡುಕಿಕೊಂಡು ಬಂದರು. ನೀನು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ ಅವರ ಸೊಸೆ ದೀಪ ಒಂದು ಬೆಳಗ್ಗೆ ಏಳಲೇ ಇಲ್ಲವಂತೆ. ಹಿಂದಿನ ದಿನ ಗಂಡ ಹೆಂಡತಿ ಜಗಳವಾಡಿದ್ದರು. ಗಂಡನೇ ವಿಷ ಹಾಕಿದ್ದಾನೆಂದು ದೀಪಳ ತವರಿನವರು ದೂರು ಕೊಟ್ಟರು, ಪೊಲೀಸರು ಇವರ ಮಗ ಮಣಿಕಂಠನನ್ನು ಕರೆದೊಯ್ದರು. ಪೋಸ್ಟ್‌ಮಾರ್ಟಂ ಮಾಡಿದವಳು ನೀನು. ಆಸ್ಪತ್ರೆಯ ವಿಷಯ ನೀನು ಮನೆಯಲ್ಲಿ ಆಡುವವಳಲ್ಲ, ಹಾಗಾಗಿ ನಮಗೆ ಇದೆಲ್ಲ ಹೊಸದು.

"ಮೈಮ್ಯಾಲೆ ಏನೂ ಕಾಣ್ನಿಲ್ಲ ಕಣವ್ವ. ಡಾಕ್ಟ್ರವ್ವ ಬುಡ್ನಿಲ್ಲ, ತಲೆಕೂದ್ಲ ಸಂದಿಸಂದಿ ಬುಡ್ಸಿ ನೋಡುದ್ರು. ಕಿವಿ ಹಿಂದ್ಗಡೆ ಆವು ಕಚ್ಚಿದ್ ಗುರ್ತು ಸಿಕ್ತು. ಲ್ಯಾಬ್ನೋರೂ ಅಂಗೇ ಬರದ್ರು" ಎಂದರು ಮಾದೇವಮ್ಮ. ಈಗ ಮಗ ಹೊಲಕ್ಕೆ ಹೋಗುತ್ತಿದ್ದಾನೆ, ಬೀಗರು ಬಂದು ಅವನ ಕೈ ಹಿಡಿದು ಅತ್ತರಂತೆ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಆ ತಾಯಿ ಆಮೇಲೆ, "ನಮ್ ಕೈಗೆ ಕೊಡೋವಾಗ ಡಾಕ್ಟ್ರವ್ವನೇ ನನ್ ಸೊಸೆ ತಲೆ ಬಾಚಿ ಜಡೆ ಆಕಿದ್ರು ಕಣವ್ವ, ಮದ್ವೆ ಮನೆಗೆ ಒಂಟವ್ಳಿಗೆ ಆಕ್ದಂಗೆ" ಎಂದು ಸೆರಗು ಬಾಯಿಗಿಟ್ಟುಕೊಂಡರು.

ನಿಮ್ಮವ್ವ ಎದ್ದು ಹೋಗಿ ಅವರ ಪಕ್ಕ ಕೂತಳು. ಮುದ್ದೆ ಮಾಡಿ ಉಣ್ಣಿಸಿ, ಬಸ್‌ಸ್ಟ್ಯಾಂಡಿನವರೆಗೂ ತಾನೇ ಹೋಗಿ ಬಸ್ಸು ಹತ್ತಿಸಿ ಬಂದಳು. ಸಂಜೆ ಪಕ್ಕದ ಮನೆ ರಂಗಮ್ಮ ಯಾರು ಬಂದಿದ್ದರೆಂದು ಕೇಳಿದಾಗ, "ನಮ್ ಭವ್ಯ ಇಲ್ದೆ ಇದ್ದಿದ್ರೆ ಒಬ್ಬ ಉಡ್ಗ ಜೈಲ್ಲಿರೋನು" ಎಂದು ಶುರುಮಾಡಿದವಳು ಕತ್ತಲಾಗುವವರೆಗೂ ನಿಲ್ಲಿಸಲಿಲ್ಲ.

ಬೆಟ್ಟದ ಮಾದಪ್ಪ ನಿನ್ನ ಕೈಗೆ ಬಲ ಕೊಡಲಿ.

ನಿನ್ನ ಅಪ್ಪ
ದೊಡ್ಡಮಾದಪ್ಪ

ಮರೆತಿದ್ದೆ: ನಿಮ್ಮವ್ವ ಈಗ ಒಲೆ ಮುಂದಿನಿಂದಲೇ ಕೂಗಿ ಹೇಳುತ್ತಿದ್ದಾಳೆ, ಬರೆಯಬೇಕಂತೆ. "ಆ ಸೀಟೇ ತಕ್ಕಳ್ಳಕ್ಕೇಳಿ. ಆದ್ರೆ ಊರಿಗೆ ಬಂದಾಗ ತಲೆಗೆ ನೀರು ಆಕ್ಕಂಡೇ ಅಡ್ಗೆಮನೆಗೆ ಬರ್ಬೇಕು." ಬೇಗ ತಗೋ ಮಗಳೇ, ಮತ್ತೆ ಮಾದೇಶ ಬಂದಾನು.